ಮಿನಿವೆಟ್ ಕೆಂಪು ಬೇಕಂದ್ರೆ ಮೊದ್ಲು ಮರ ನೋಡಿ

ಮಳೆ ಹೋಗಿ ಚಳಿ ಶುರುವಾಯ್ತು ಅಂದ್ರೆ ಸಾಕು, ಫೋಟೋ ತೆಗಿಯೋ ಗೆಳೆಯರ ಫೋನು ಬರೋಕೆ ಶುರು, "ಮೂಡಿಗೆರೆ ಕಡೆ ಬರ್ತಿದೀವಿ, ಆ ಕೆಂಪು ಮಿನಿವೆಟ್ ಎಲ್ಲಿ ಸಿಗುತ್ತೆ, ಲೊಕೇಶನ್ ಕಳ್ಸು ಮಾರಾಯ" ಅಂತ. ನಾನು ಲೊಕೇಶನ್ ಕಳ್ಸೋ ಬದ್ಲು ಮರದ ಹೆಸ್ರು ಹೇಳ್ತೀನಿ. ಅತ್ತಿ ಇರೋ ಕಾಫಿ ತೋಟ ಹುಡುಕಿ, ಹಲಸು, ನಂದಿ, ಮತ್ತಿ ಮರ ಹಂಗೇ ಉಳಿಸ್ಕೊಂಡಿರೋ ಹಳೇ ತೋಟ ಹುಡುಕಿ, ಅದ್ರ ಪಕ್ಕ ಸ್ವಲ್ಪ ಏರು ಜಾಗ ಇದ್ರೆ ಅಲ್ಲಿ ನಿಂತ್ಕೊಳ್ಳಿ ಅಂತ. ಇದು ತಪ್ಪಿಸ್ಕೊಳ್ಳೋ ಉತ್ತರ ಅಲ್ಲ. ಈ ಹಕ್ಕಿಯ ಕೆಂಪನ್ನ ಚೆನ್ನಾಗಿ ಹಿಡಿಯೋಕೆ ನಂಗೆ ಗೊತ್ತಿರೋ ದಾರಿ ಅದೊಂದೇ, ಲೆನ್ಸು ಬಾಡಿ ಎಲ್ಲ ಆಮೇಲೆ.

ಗೊತ್ತಿಲ್ದಿರೋರಿಗೆ ಹೇಳ್ಬಿಡ್ತೀನಿ. ನಮ್ಮ ಕಡೆ ಸಿಗೋದು ಆರೆಂಜ್ ಮಿನಿವೆಟ್. ಕನ್ನಡದಲ್ಲಿ ಮಿನಿವೆಟ್‌ಗಳಿಗೆ ಚಿತ್ರಪಕ್ಷಿ ಅಂತಾರೆ. ಗಾತ್ರ ಹೆಚ್ಚುಕಮ್ಮಿ ಪಿಕಳಾರದಷ್ಟು, ಆದ್ರೆ ಮೈ ಸಪೂರ, ಬಾಲ ಉದ್ದ. ಗಂಡು ತಲೆ, ಕತ್ತು, ಬೆನ್ನು ಎಲ್ಲ ಮಿರಮಿರ ಕಪ್ಪು, ಎದೆಯಿಂದ ಕೆಳಗೆ ಕೆಂಪು, ರೆಕ್ಕೆ ಮೇಲೆ ಒಂದು ಕೆಂಪು ಪಟ್ಟೆ, ಬಾಲದ ಎರಡೂ ಅಂಚು ಕೆಂಪು. ಹೆಣ್ಣಿಗೆ ಕಪ್ಪು ಇರೋ ಕಡೆ ಬೂದು, ಕೆಂಪು ಇರೋ ಕಡೆ ಹಳದಿ, ಹಣೆ ಮೇಲೂ ಹಳದಿ. ಮೊದಲ ಸಲ ನೋಡೋರು ಇವೆರಡು ಬೇರೆ ಬೇರೆ ಜಾತಿ ಅಂತಲೇ ಅಂದ್ಕೊಳ್ತಾರೆ. ಎಳೇ ಗಂಡುಗಳೂ ಮೊದ್ಲು ಹೆಣ್ಣಿನ ಥರಾನೇ ಹಳದಿ ಇದ್ದು, ಆಮೇಲೆ ಅಲ್ಲಲ್ಲಿ ಕಿತ್ತಳೆ ಗರಿ ಬರೋಕೆ ಶುರುವಾಗುತ್ತೆ, ಅಂಥ ಒಂದು ಅರ್ಧಂಬರ್ಧ ಗಂಡು ಸಿಕ್ರೆ ಬಿಡ್ಬೇಡಿ, ಪೂರ್ತಿ ಕೆಂಪಾದ ಗಂಡಿಗಿಂತ ಅದ್ರ ಫೋಟೋನೇ ನಂಗೆ ಜಾಸ್ತಿ ಇಷ್ಟ.

ಹಳೇ ಪುಸ್ತಕಗಳಲ್ಲಿ ಇದನ್ನೇ ಸ್ಕಾರ್ಲೆಟ್ ಮಿನಿವೆಟ್ ಅಂತ ಬರ್ದಿರ್ತಾರೆ. ಆಗ ಹಿಮಾಲಯದ ಕಡೆ ಸಿಗೋದೂ ನಮ್ಮ ಪಶ್ಚಿಮಘಟ್ಟದ್ದೂ ಒಂದೇ ಅಂತಿತ್ತು. ಈಗ ಎರಡೂ ಬೇರೆ ಜಾತಿ ಅಂತ ಮಾಡಿದಾರೆ, ನಮ್ಮ ಘಟ್ಟ ಮತ್ತೆ ಶ್ರೀಲಂಕಾದ್ದು ಆರೆಂಜ್, ಹಿಮಾಲಯದಿಂದ ಆಗ್ನೇಯ ಏಷ್ಯಾದವರೆಗೆ ಇರೋದು ಸ್ಕಾರ್ಲೆಟ್. ಹೆಸರಲ್ಲಿ ಕಿತ್ತಳೆ ಇದ್ರೂ ಬೆಳಕು ಸರಿಯಾಗಿದ್ದಾಗ ನಮ್ಮ ಗಂಡಿನ ಎದೆ ಕೆಂಪೇ. ಹತ್ರದಿಂದ ತೆಗೆದ ಫೋಟೋ ದೊಡ್ಡದು ಮಾಡಿ ನೋಡಿ, ಕಪ್ಪು ಗಂಟಲು ಮುಗಿಯೋ ಕಡೆ ಗಾಢ ಕೆಂಪು, ಹೊಟ್ಟೆ ಕಡೆ ಇಳೀತಾ ಇಳೀತಾ ಕಿತ್ತಳೆಗೆ ತಿರುಗುತ್ತೆ. ಆ ಇಳಿಯೋದು ಕಾಣ್ಬೇಕು ಫೋಟೋದಲ್ಲಿ. ಅದು ಕಾಣ್ಲಿಲ್ಲ ಅಂದ್ರೆ ಹಕ್ಕಿ ಎಷ್ಟೇ ಶಾರ್ಪ್ ಇದ್ರೂ ನಂಗೆ ಆ ಫೋಟೋ ಅರ್ಧವೇ.

ಹಾಸನದ ಬಯಲು ಸೀಮೆ ಕಡೆ, ಅರಸೀಕೆರೆ ಕಡೆ ಹೋದ್ರೆ ಸಿಗೋದು ಇನ್ನೊಂದು, ಸ್ಮಾಲ್ ಮಿನಿವೆಟ್, ಬೂದು ತಲೆ ಬೂದು ಬೆನ್ನು, ಎದೆ ಹತ್ರ ಕಿತ್ತಳೆ. ಜಾಲಿ ಮರದಲ್ಲೂ ಸಿಗುತ್ತೆ. ಅದೂ ಮುದ್ದಾದ ಹಕ್ಕಿನೇ, ಆದ್ರೆ ಇವತ್ತಿನ ಮಾತು ಮಲೆನಾಡಿನ ಕೆಂಪಿನ ಬಗ್ಗೆ.

ಈಗ ಮರದ ವಿಷ್ಯಕ್ಕೆ ಬರ್ತೀನಿ. ಮಿನಿವೆಟ್ ನೆಲಕ್ಕೆ ಇಳಿಯೋದು ತೀರಾ ಅಪರೂಪ, ಕಾಫಿ ಗಿಡದ ಮಟ್ಟಕ್ಕೂ ಸಾಮಾನ್ಯವಾಗಿ ಬರಲ್ಲ. ಅದರ ಲೋಕ ಎಲ್ಲ ನೆರಳು ಮರದ ತುದಿಯಲ್ಲಿ. ಎಲೆ ಸಂದೀಲಿ ಹುಳ ಹುಡುಕ್ತಾ ಹೋಗುತ್ತೆ, ಒಂದು ಮರ ಮುಗೀತು ಅಂದ್ರೆ ಮುಂದಿನ ಮರಕ್ಕೆ ಒಂದರ ಹಿಂದೆ ಒಂದು ಸಾಲಾಗಿ ಹಾರ್ತವೆ, ಹಾರ್ತಾ ಸಣ್ಣಗೆ ಟ್ವೀ ಟ್ವೀ ಅಂತ ಕೂಗ್ತಾ ಇರ್ತವೆ, ಮುಂದೆ ಹೋದದ್ದು ಹಿಂದಿನವನ್ನ ಕರೀತಿದೆ ಅನ್ಸುತ್ತೆ ಕೇಳೋರಿಗೆ. ಆ ಕೂಗು ಕಿವಿಗೆ ಕೂತ್ಬಿಟ್ರೆ ಅರ್ಧ ಕೆಲ್ಸ ಆದಂಗೆ. ಕಣ್ಣಿಗಿಂತ ಮೊದ್ಲು ಕಿವಿಗೇ ಸಿಗೋದು ಇದು.

ಇನ್ನೊಂದು ವಿಷ್ಯ, ಇದು ಒಂಟಿಯಾಗಿ ಸಿಗೋದು ಕಮ್ಮಿ. ಬಾಲದಲ್ಲಿ ಎರಡು ಉದ್ದ ಗರಿ ಇರೋ ಕಪ್ಪು ಹಕ್ಕಿ ಭೀಮರಾಜ ಇರ್ತಾನೆ, ಕಂಚಿನ ಬಣ್ಣದ ಡ್ರಾಂಗೋ ಇರುತ್ತೆ, ಕಾಂಡದ ಮೇಲೆ ತಲೆಕೆಳಗಾಗಿ ಓಡೋ ನೀಲಿ ನಟ್‌ಹ್ಯಾಚ್ ಇರುತ್ತೆ, ಎಲೆಹಕ್ಕಿ, ನೀಲಿ ನೊಣಹಿಡುಕ, ಹೀಗೆ ಬೇರೆ ಬೇರೆ ಜಾತಿಯ ಹಕ್ಕಿಗಳೆಲ್ಲ ಸೇರಿ ಒಂದು ದಂಡು ಮಾಡ್ಕೊಂಡು ತೋಟದ ಈ ಕಡೆಯಿಂದ ಆ ಕಡೆ ಮೇಯ್ತಾ ಹೋಗ್ತವೆ. ಒಬ್ಬ ಎಲೆ ಅಲುಗಿಸಿದ್ರೆ ಹಾರೋ ಹುಳ ಇನ್ನೊಬ್ಬನಿಗೆ, ಗಿಡುಗ ಬಂದ್ರೆ ಎಚ್ಚರಿಸೋಕೆ ಭೀಮರಾಜ. ಅದಕ್ಕೇ ನಾನು ತೋಟದಲ್ಲಿ ಮಿನಿವೆಟ್ ಹುಡುಕೋದೇ ಇಲ್ಲ, ಭೀಮರಾಜನ ಗಲಾಟೆ ಎಲ್ಲಿದೆ ಅಂತ ಕೇಳ್ತೀನಿ, ಅವನು ದೊಡ್ಡ ದನಿಯವನು, ಹತ್ತು ಥರ ಕೂಗ್ತಾನೆ, ದೂರದಿಂದಲೇ ಗೊತ್ತಾಗುತ್ತೆ. ದಂಡು ಯಾವ ದಿಕ್ಕಿಗೆ ಹೋಗ್ತಿದೆ ನೋಡ್ಕೊಂಡು, ಅದರ ಹಿಂದೆ ಓಡೋದಲ್ಲ, ಸುತ್ತು ಹಾಕಿ ಮುಂದೆ ಹೋಗಿ ನಿಲ್ಲೋದು. ನಿಂತಿರೋ ಜಾಗಕ್ಕೆ ಅವೇ ಬರ್ತವೆ. ಹಿಂದೆ ಓಡಿದ್ರೆ ಬರೀ ಬಾಲವೇ ಸಿಗೋದು.

ನಿಲ್ಲೋ ಜಾಗ ತುಂಬ ಮುಖ್ಯ ಯಾಕಂದ್ರೆ ಸಮತಟ್ಟು ತೋಟದಲ್ಲಿ ಕೆಳಗೆ ನಿಂತು ಮೇಲೆ ನೋಡಿದ್ರೆ ಹಿಂದೆ ಬಿಳೀ ಆಕಾಶ, ಹಕ್ಕಿ ಹೊಟ್ಟೆ ಮಾತ್ರ, ಅದೂ ನೆರಳಲ್ಲಿ. ಕತ್ತು ನೋವು ಬೇರೆ. ಅದೇ ಇಳಿಜಾರಿನ ತೋಟದಲ್ಲಿ ಮೇಲಿನ ರಸ್ತೆ ಮೇಲೋ ಕಾಫಿ ಒಣಗಿಸೋ ಕಣದ ಅಂಚಿಗೋ ನಿಂತ್ರೆ ಕೆಳಗಿನ ಮರದ ತುದಿ ನಿಮ್ಮ ಕಣ್ಣಿನ ಮಟ್ಟಕ್ಕೇ ಇರುತ್ತೆ, ಹಿಂದೆ ಎದುರು ಗುಡ್ಡದ ಕಡು ಹಸಿರು, ಆಗ ನೋಡಿ ಕೆಂಪು ಎದ್ದು ಬರೋದು. ನಮ್ಮ ಪುಣ್ಯ, ಈ ಸೀಮೆ ಪೂರ್ತಿ ಇಳಿಜಾರೇ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಕಡೆ, ದೇವರಮನೆ, ಸಕಲೇಶಪುರದ ಬಿಸಿಲೆ, ಆ ಕಡೆ ಬಾಬಾಬುಡನ್‌ಗಿರಿ ಸಾಲು, ಕೆಮ್ಮಣ್ಣುಗುಂಡಿ, ಎಲ್ಲ ಕಡೆ ರಸ್ತೆಯಿಂದಲೇ ಮರದ ನೆತ್ತಿ ನೋಡಬಹುದು. ಮುಳ್ಳಯ್ಯನಗಿರಿ ತುದಿಗೆ ಹೋಗ್ಬೇಡಿ ಇದಕ್ಕೆ, ಅಲ್ಲಿ ಬರೀ ಹುಲ್ಲು, 1930 ಮೀಟರ್ ಎತ್ತರದಲ್ಲಿ ಗಾಳಿಗೆ ದೊಡ್ಡ ಮರ ನಿಲ್ಲಲ್ಲ, ಕೆಳಗಿನ ಗುಡ್ಡದ ಸಂದಿನ ಶೋಲಾ ಕಾಡು ಮತ್ತೆ ತೋಟದ ಪಟ್ಟಿಯಲ್ಲೇ ಹುಡುಕ್ಬೇಕು. ಚಾರ್ಮಾಡಿಯಲ್ಲಿ ಮಾತ್ರ ದಯವಿಟ್ಟು ತಿರುವಲ್ಲಿ ಗಾಡಿ ನಿಲ್ಲಿಸ್ಬೇಡಿ, ಮಂಜಲ್ಲಿ ಬಸ್ಸು ಲಾರಿ ಬರೋದು ಗೊತ್ತೇ ಆಗಲ್ಲ.

ಬೆಳಕಿನ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಎಲ್ಲರೂ ಕೇಳೋದು ಇದನ್ನೇ.

ತೀರಾ ಬೆಳಿಗ್ಗೆ, ಇನ್ನೂ ಸರಿಯಾಗಿ ಬೆಳಕು ಹರಿದಿರಲ್ಲ, ಆಗ ಗಂಡು ಮಿನಿವೆಟ್ ಎದುರಿಗೇ ಕೂತಿದ್ರೂ ಅದು ಕಪ್ಪು ಹಕ್ಕಿ ಥರಾನೇ ಕಾಣೋದು. ಹೆಣ್ಣಿನ ಹಳದಿ ಮಾತ್ರ ತೆಳುವಾಗಿ ಹೊಳೀತಿರುತ್ತೆ. ಇದು ಹಕ್ಕಿಯದ್ದಲ್ಲ, ನಮ್ಮ ಕಣ್ಣಿನ ಗುಣ. ಮಬ್ಬು ಬೆಳಕಲ್ಲಿ ನಮ್ಮ ಕಣ್ಣು ಮೊದ್ಲು ಕಳ್ಕೊಳ್ಳೋ ಬಣ್ಣವೇ ಕೆಂಪು, ಹಸಿರು ನೀಲಿ ಇನ್ನೂ ಸ್ವಲ್ಪ ಹೊತ್ತು ಉಳ್ಕೊಳ್ಳುತ್ತೆ. ಆಮೇಲೆ ಬೆಳಕು ಏರ್ತಾ ಏರ್ತಾ, ಅದೇ ಕೊಂಬೆ ಅದೇ ಹಕ್ಕಿ, ಎದೆ ಮೇಲೆ ಕಂದು ಬರುತ್ತೆ, ಕಂದು ಹೋಗಿ ಕೆಂಪು ಬರುತ್ತೆ. ಕ್ಯಾಮೆರಾ ಕೆಳಗಿಟ್ಟು ಒಂದು ಸಲ ಇದನ್ನ ಬರೀ ಕಣ್ಣಲ್ಲಿ ನೋಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಯಾವ ಲೆನ್ಸಲ್ಲೂ ಇದು ಸಿಗಲ್ಲ.

ಬಿಸಿಲು ಪೂರ್ತಿ ಏರಿದ ಮೇಲೆ ಬೇರೆ ತೊಂದ್ರೆ. ಕೆಂಪು ಸುಟ್ಟೋಗುತ್ತೆ. ಸ್ಕ್ರೀನಲ್ಲಿ ಹಿಸ್ಟೋಗ್ರಾಮ್, ಅಂದ್ರೆ ಫೋಟೋದಲ್ಲಿ ಕತ್ತಲು ಬೆಳಕು ಎಷ್ಟೆಷ್ಟಿದೆ ಅಂತ ತೋರ್ಸೋ ನಕ್ಷೆ, ನೋಡಿದ್ರೆ ಎಲ್ಲ ಸರಿ ಇದೆ ಅನ್ಸುತ್ತೆ, ಮನೆಗೆ ಬಂದು ತೆಗೆದು ನೋಡಿದ್ರೆ ಎದೆ ಮೇಲೆ ಒಂದು ಗರಿಯ ಗೆರೆಯೂ ಇಲ್ಲ, ಕುಂಕುಮದ ಬೊಟ್ಟಿಟ್ಟಂಗೆ ಒಂದೇ ಸಮ ಕೆಂಪು. ಯಾಕಂದ್ರೆ ಆ ಬಿಳೀ ಹಿಸ್ಟೋಗ್ರಾಮ್ ಮೂರೂ ಬಣ್ಣ ಸೇರಿಸಿ ತೋರ್ಸೋದು, ಅದ್ರಲ್ಲಿ ಹಸಿರಿನ ಪಾಲೇ ಜಾಸ್ತಿ, ಕೆಂಪು ಒಂದೇ ತುಂಬಿ ಚೆಲ್ಲಿದ್ರೂ ಅದು ಹೇಳಲ್ಲ. ಕ್ಯಾಮೆರಾ ಮೆನುವಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ತೋರ್ಸೋ ಆರ್‌ಜಿಬಿ ಹಿಸ್ಟೋಗ್ರಾಮ್ ಅಂತ ಇರುತ್ತೆ, ಅದನ್ನ ಆನ್ ಮಾಡ್ಕೊಂಡು ಕೆಂಪು ಗೆರೆ ಬಲಗಡೆ ಗೋಡೆಗೆ ಬಡೀತಿದ್ಯಾ ನೋಡಿ. ಬಡೀತಿದ್ರೆ ಎಕ್ಸ್‌ಪೋಶರ್ ಕಮ್ಮಿ ಮಾಡಿ, ಹಿಂದೆ ಕಡು ಹಸಿರು ಇದ್ದು ಹಕ್ಕಿ ಮೇಲೆ ಬಿಸಿಲು ಬಿದ್ದಿದ್ರೆ ನಾನು ಮೈನಸ್ 0.7 ಇಂದ ಶುರು ಮಾಡ್ತೀನಿ, ಕೆಲವೊಮ್ಮೆ ಮೈನಸ್ 1. ಕಪ್ಪು ಬೆನ್ನಲ್ಲಿ ಡೀಟೇಲ್ ಹೋಗುತ್ತಲ್ಲ ಅಂತ ಹೆದರ್ತಾರೆ, ರಾ ಫೈಲಲ್ಲಿ, ಅಂದ್ರೆ ಸೆನ್ಸರ್ ಹಿಡಿದದ್ದೆಲ್ಲ ಹಂಗೇ ಉಳಿಸೋ ಫೈಲಲ್ಲಿ, ತೆಗೆದ್ರೆ ಕಪ್ಪನ್ನ ಆಮೇಲೆ ಎತ್ತಬಹುದು, ಸುಟ್ಟ ಕೆಂಪನ್ನ ವಾಪಸ್ ತರೋದು ಕಷ್ಟ.

ಇನ್ನೂ ಒಂದು ಕಾರಣ ಇದೆ. ಸಾಮಾನ್ಯವಾಗಿ ಕ್ಯಾಮೆರಾ ಸೆನ್ಸರಲ್ಲಿ ಪ್ರತಿ ನಾಲ್ಕು ಪಿಕ್ಸೆಲ್ಲಿಗೆ ಎರಡು ಹಸಿರು, ಒಂದು ನೀಲಿ, ಒಂದೇ ಒಂದು ಕೆಂಪು. ಅಂದ್ರೆ ಕೆಂಪು ಗರಿಯ ಸೂಕ್ಷ್ಮ ಎಲ್ಲ ಹೆಚ್ಚುಕಮ್ಮಿ ಕಾಲು ಭಾಗ ಪಿಕ್ಸೆಲ್ಲಿನ ಮೇಲೆ ನಿಂತಿರುತ್ತೆ. ಅದಕ್ಕೇ ಇದೇ ಲೆನ್ಸಲ್ಲಿ ತೆಗೆದ ಹಸಿರು ಎಲೆಹಕ್ಕಿ ಚುರುಕಾಗಿ ಬಂದಿರುತ್ತೆ, ಮಿನಿವೆಟ್ ಎದೆ ಮಾತ್ರ ಮೆತ್ತಗೆ ಅನ್ಸುತ್ತೆ. ಪರಿಹಾರ ಅಂದ್ರೆ ಹತ್ರ ಹೋಗೋದು, ಅಂದ್ರೆ ಕಣ್ಣಿನ ಮಟ್ಟದ ಕೊಂಬೆ ಸಿಗೋ ಜಾಗದಲ್ಲಿ ಕಾಯೋದು, ದೂರದ ಹಕ್ಕೀನ ಕ್ರಾಪ್ ಮಾಡಿ ಮಾಡಿ ದೊಡ್ಡದು ಮಾಡಿದ್ರೆ ಪ್ರಯೋಜನ ಇಲ್ಲ. ಶಟರ್ ಸ್ಪೀಡ್ 1/1000 ಸೆಕೆಂಡಿಗಿಂತ ನಿಧಾನ ಮಾಡಬೇಡಿ, ಇದು ಒಂದು ಕಡೆ ಕೂರೋ ಹಕ್ಕಿ ಅಲ್ಲ. ಬೆಳಕಿಗೆ ತಕ್ಕಂಗೆ ಬಣ್ಣ ಸರಿ ಮಾಡೋ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ರೆ ಮರದ ಕೆಳಗಿನ ಹಸಿರು ಬೆಳಕಿಗೆ ಒಂದೊಂದು ಫೋಟೋ ಒಂದೊಂದು ಬಣ್ಣ, ಅದಕ್ಕೆ ಮೋಡದ ಚಿತ್ರ ಇರೋ "ಕ್ಲೌಡಿ" ಸೆಟ್ಟಿಂಗಲ್ಲಿ ಇಟ್ಟು ಮರ್ತುಬಿಡಿ.

ನನ್ನ ಕೇಳಿದ್ರೆ ಎಲ್ಲಕ್ಕಿಂತ ಒಳ್ಳೇ ಬೆಳಕು ಮಂಜು ಹರಿಯೋ ಹೊತ್ತಿನದ್ದು, ಸೂರ್ಯ ಇದಾನೆ ಆದ್ರೆ ಕಾಣ್ತಿಲ್ಲ, ನೆರಳೇ ಬೀಳಲ್ಲ, ಕಪ್ಪೂ ಕೆಂಪೂ ಎರಡೂ ಒಟ್ಟಿಗೆ ಕ್ಯಾಮೆರಾದೊಳಗೆ ಹಿಡಿಯುತ್ತೆ. ಹೋದ ಜನವರೀಲಿ ಚಿಕ್ಕಪ್ಪನ ತೋಟದಲ್ಲಿ, ಅರೇಬಿಕಾ ಕಾಫಿ ಕೊಯ್ಲು ಮುಗಿಯೋ ಹೊತ್ತು, ಕಣದ ಅಂಚಲ್ಲಿ ನಿಂತಿದ್ದೆ, ಹಣ್ಣು ಹರಡ್ತಿದ್ರು, ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಸದ್ದು ಬೇರೆ. ಕೆಳಗಿನ ಅತ್ತಿ ಮರಕ್ಕೆ ದಂಡು ಬಂತು. ಒಂದು ಗಂಡು ಹತ್ರದ ಒಣ ಕೊಂಬೆಗೆ ಬಂದು ಕೂತ್ಕೊಂಡ, ಬಾಯಲ್ಲಿ ಹಸಿರು ಕಂಬಳಿಹುಳ. ತಕ್ಷಣ ನುಂಗಲಿಲ್ಲ, ಕೊಂಬೆಗೆ ಆ ಕಡೆ ಈ ಕಡೆ ಬಡಿದ, ಹುಳದ ರಸ ಕೊಕ್ಕಿನ ಪಕ್ಕ ಅಂಟ್ಕೊಂಡಿದ್ದು ಫೋಟೋದಲ್ಲಿ ಕಾಣುತ್ತೆ, ಕಪ್ಪು ಕೊಕ್ಕಿನ ಮೇಲೆ ಒಂದು ಸಣ್ಣ ಹಸಿರು ಹನಿ. ಬಡೀವಾಗ ರೆಕ್ಕೆ ಸ್ವಲ್ಪ ಬಿಚ್ಚಿಕೊಳ್ತಿತ್ತು, ಬೆನ್ನಿನ ಕೆಳಗಿನ ಕೆಂಪು, ರೆಕ್ಕೆ ಮುಚ್ಚಿದಾಗ ಅಡಗಿರುತ್ತಲ್ಲ ಅದು, ಆಗ ಕಂಡು ಆಗ ಮುಚ್ಕೊಳ್ತಿತ್ತು. ಮೇಲಿನ ಕೊಂಬೇಲಿ ಎರಡು ಹೆಣ್ಣು ಎಲೆ ಅಡಿ ನೋಡ್ತಾ ಇದ್ವು. ಹಣ್ಣು ಹರಡ್ತಿದ್ದ ಹೆಂಗಸೊಬ್ರು ಕೈ ನಿಲ್ಲಿಸಿ ನೋಡಿ "ದಿನಾ ಬರ್ತವೆ ಅಣ್ಣ ಇವು, ಈ ಮರಕ್ಕೇ ಬರ್ತವೆ, ಆ ಕಡೆ ಸಿಲ್ವರ್ ಓಕ್ ಮರಕ್ಕೆ ಹೋಗಲ್ಲ" ಅಂದ್ರು. ಅವ್ರು ದಿನಾ ಅಲ್ಲಿರೋರು, ನಂಗಿಂತ ಚೆನ್ನಾಗಿ ಗೊತ್ತು.

ಆ ಮಾತಲ್ಲಿ ತುಂಬ ಇದೆ. ಹಕ್ಕಿಗಳ ಮೈಮೇಲಿನ ಕೆಂಪು ಹಳದಿ ಬಣ್ಣಗಳು ಬಹುಪಾಲು ಕ್ಯಾರೊಟಿನಾಯ್ಡ್ ಅನ್ನೋ ವಸ್ತುಗಳಿಂದ ಬರೋದು. ಕ್ಯಾರೆಟ್ಟಿಗೂ ಪಪಾಯಕ್ಕೂ ಬಣ್ಣ ಕೊಡೋದು ಅವೇ. ಹಕ್ಕಿ ತನ್ನ ಮೈಯಲ್ಲೇ ಅದನ್ನ ಹೊಸದಾಗಿ ಮಾಡ್ಕೊಳ್ಳೋಕೆ ಆಗಲ್ಲ, ತಿಂದೇ ಪಡೀಬೇಕು. ಗಿಡಮರದ ಎಲೇಲಿ ಅದಿರುತ್ತೆ, ಎಲೆ ತಿಂದ ಕಂಬಳಿಹುಳಕ್ಕೆ ಬರುತ್ತೆ, ಹುಳ ತಿಂದ ಹಕ್ಕಿಗೆ ಬರುತ್ತೆ. ತಿಂದ ಹಳದಿಯನ್ನ ಕೆಂಪಾಗಿ ಬದಲಾಯಿಸೋ ಕೆಲಸ ಮಾತ್ರ ಎಷ್ಟೋ ಹಕ್ಕಿಗಳ ಮೈಯೇ ಮಾಡುತ್ತೆ, ಅದಕ್ಕೆ ಬೇಕಾದ ಒಂದು ಜೀನನ್ನ 2016ರಲ್ಲಿ ಕೆನರಿ ಮತ್ತೆ ಜೀಬ್ರಾ ಫಿಂಚುಗಳಲ್ಲಿ ಗುರುತಿಸಿದ್ರು. ಇದನ್ನ ಓದಿದ ಮೇಲೆ ಆ ಕೊಕ್ಕಿನ ಹಸಿರು ಹನಿ ನೋಡಿದಾಗೆಲ್ಲ ನಂಗೆ ಅನ್ಸೋದು, ಅತ್ತಿ ಎಲೆ ಹುಳದ ಹೊಟ್ಟೆ ದಾಟ್ಕೊಂಡು ಗರಿ ಆಗ್ತಿದೆ ಅಲ್ಲಿ. ಮರ ಇಲ್ದೆ ಹುಳ ಇಲ್ಲ, ಹುಳ ಇಲ್ದೆ ಆ ಕೆಂಪು ಎಲ್ಲಿಂದ ಬರ್ಬೇಕು ಹೇಳಿ.

ಸಿಲ್ವರ್ ಓಕ್ ಬಗ್ಗೆ ನಂಗೆ ದ್ವೇಷ ಇಲ್ಲ. ಆಸ್ಟ್ರೇಲಿಯಾದಿಂದ ಬಂದ ಮರ, ಬೇಗ ಬೆಳೆಯುತ್ತೆ, ನೆಟ್ಟಗೆ ಬೆಳೆಯುತ್ತೆ, ಮೆಣಸು ಹಬ್ಬಿಸೋಕೆ ಸುಲಭ, ಬೇಕಾದಾಗ ಕಡಿದು ಮಾರೋಕೆ ಕಾಡುಮರದಷ್ಟು ರಗಳೆ ಇಲ್ಲ. ಬೆಳೆಗಾರ ಅದನ್ನ ಹಾಕೋದ್ರಲ್ಲಿ ಲೆಕ್ಕ ಇದೆ. ಆದ್ರೆ ನಮ್ಮ ಎಲೆ ತಿನ್ನೋ ಹುಳಗಳಿಗೆ ಅತ್ತಿ, ಮತ್ತಿ, ನಂದಿಯಷ್ಟು ಅದು ಒಗ್ಗಲ್ಲ, ಹಾಗಾಗಿ ಪೂರ್ತಿ ಸಿಲ್ವರ್ ಹಾಕಿದ ತೋಟದಲ್ಲಿ ದಂಡು ನಿಲ್ಲಲ್ಲ, ದಾಟಿ ಹೋಗುತ್ತೆ ಅಷ್ಟೇ. ಫೆಬ್ರವರಿ ಮಾರ್ಚಲ್ಲಿ ಕಾಡುಮರಗಳು ಎಲೆ ಉದುರಿಸಿ ಚಿಗುರೋ ಹೊತ್ತಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತೆ, ಚಿಗುರು ಬಂದ ಮರದ ತುಂಬ ಹಕ್ಕಿ, ಪಕ್ಕದ ಸಿಲ್ವರ್ ಸಾಲಲ್ಲಿ ಸದ್ದೇ ಇಲ್ಲ.

ನಮ್ಮ ಚಿಕ್ಕಪ್ಪನ ಜೊತೆ ಇದೇ ವಿಷ್ಯಕ್ಕೆ ಮಾತಾಯ್ತು. ಮೇ ತಿಂಗಳು, ಮರಗಸಿ, ಅಂದ್ರೆ ನೆರಳು ಮರದ ಕೊಂಬೆ ಕಡಿಯೋ ಕೆಲ್ಸ, ಮಾಡಿಸೋಕೆ ಆಳು ಗೊತ್ತು ಮಾಡಿದ್ರು, ಕಣದ ಹತ್ರದ ಆ ಅತ್ತೀನ ಪೂರ್ತಿ ತೆಗೆಸಿಬಿಡೋಣ ಅಂತಿತ್ತು ಅವ್ರ ಮನಸಲ್ಲಿ.

"ಕೆಳಗಿನ ಗಿಡಕ್ಕೆ ಬಿಸ್ಲೇ ಬೀಳಲ್ಲ ಕಣೋ, ಮಳೆಗಾಲದಲ್ಲಿ ಕೊಳೆರೋಗ ಅಲ್ಲಿಂದಲೇ ಶುರುವಾಗೋದು" ಅಂದ್ರು.

ಅವ್ರು ಹೇಳಿದ್ದು ಸರಿ. ನೆರಳು ದಟ್ಟ ಆಗಿ ಗಾಳಿ ಆಡ್ದಿದ್ರೆ ಕೊಳೆರೋಗ ಬಂದೇ ಬರುತ್ತೆ. ನಾನಂದೆ, "ಚಿಕ್ಕಪ್ಪ, ಪೂರ್ತಿ ತೆಗೆದ್ರೆ ಬಿಸ್ಲು ನೇರ ಬಿದ್ದು ಅರೇಬಿಕಾಗೆ ಬೋರರ್ ಬರಲ್ವಾ? ಮೇಲಿನ ಪಟ್ಟೀಲಿ ನೀವೇ ನೋಡಿದೀರಲ್ಲ."

ಬೋರರ್ ಅಂದ್ರೆ ಬಿಳಿ ಕಾಂಡಕೊರಕ ಹುಳ, ಅದು ಬಿಸಿಲು ಬೀಳೋ ಗಿಡಕ್ಕೇ ಮೊದ್ಲು ಬರೋದು ಅಂತ ಅರೇಬಿಕಾ ಬೆಳೆಯೋ ಎಲ್ಲರಿಗೂ ಗೊತ್ತು. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು ಮೇಸ್ತ್ರೀನ ಕರೆದ್ರು. ಮೇಸ್ತ್ರಿ ಮರದ ಸುತ್ತ ಒಂದು ಸುತ್ತು ಬಂದು, "ಕೆಳಗಿನ ಅಡ್ಡ ಕೊಂಬೆ ಎಲ್ಲ ಎತ್ತಿಬಿಡಣ ಅಯ್ಯ, ಮೇಲೆ ಛತ್ರಿ ಬಿಡಣ, ಗಾಳಿನೂ ಆಡ್ತದೆ ನೆರಳೂ ಇರ್ತದೆ" ಅಂದ. ಹಂಗೇ ಮಾಡಿದ್ರು. ಮೇಲಿನ ಛತ್ರಿ ಉಳಿದಿದ್ದೇ ನಮ್ಮ ಹಕ್ಕಿಗೆ ಬೇಕಾಗಿದ್ದದ್ದು, ಗೂಡು ಕಟ್ಟೋದೂ ಅಲ್ಲೇ ಎತ್ತರದ ಕೊಂಬೆ ಮೇಲೆ. ಸಣ್ಣ ಕಡ್ಡಿಗಳನ್ನ ಜೇಡರಬಲೆಯಿಂದ ಬಿಗಿದು ಹೊರಗೆ ಕಲ್ಲುಹೂವು, ತೊಗಟೆ ಚೂರು ಅಂಟಿಸಿ ಬಟ್ಟಲು ಥರ ಮಾಡಿರುತ್ತೆ, ಕೊಂಬೆ ಗಂಟೇನೋ ಅನ್ಬೇಕು ಹಂಗೆ ಬೆರೆತೋಗಿರುತ್ತೆ.

ಗೂಡು ಕಂಡ್ರೆ ಅಲ್ಲಿಂದ ಹೊರಟುಬಿಡಿ. ಫೋಟೋ ಬೇಡ. ಜನ ನಿಂತಿರೋದು ನೋಡಿ ಮೊಟ್ಟೆ ಮರಿ ಕದಿಯೋ ಕಾಗೆಗೂ ಮಟಪಕ್ಷಿಗೂ ಗೂಡು ಎಲ್ಲಿದೆ ಅಂತ ಗೊತ್ತಾಗುತ್ತೆ. ಇನ್ನು ಈ ಮೊಬೈಲಲ್ಲಿ ಕೂಗು ಹಾಕಿ ಕರೆಸೋದು, ಸ್ಪೀಕರ್ ತಂದು ಹಾಕೋರೂ ಇದಾರೆ, ಅದನ್ನ ನಾನು ಖಡಾಖಂಡಿತವಾಗಿ ವಿರೋಧಿಸ್ತೀನಿ. ಇನ್ನೊಂದು ಗಂಡು ತನ್ನ ಜಾಗಕ್ಕೆ ಬಂದಿದೆ ಅಂತ ಹಕ್ಕಿ ಮೇವು ಬಿಟ್ಟು ಕೂಗ್ತಾ ಸುತ್ತುತ್ತೆ, ದಂಡು ಮುಂದೆ ಹೋಗಿರುತ್ತೆ, ಇದು ಒಂಟಿಯಾಗಿ ಹಿಂದೆ ಉಳಿಯುತ್ತೆ. ಅಂಥ ಫೋಟೋ ಎಷ್ಟೇ ಚೆನ್ನಾಗಿದ್ರೂ ನಂಗೆ ನೋಡೋಕೆ ಮನಸಾಗಲ್ಲ.

ಎಡಿಟಿಂಗಲ್ಲಿ ಸ್ಯಾಚುರೇಶನ್ ಮುಟ್ಟಬೇಡಿ. ಹಕ್ಕಿಗೆ ಸಾಕಷ್ಟು ಕೆಂಪು ಇದೆ, ನಾವು ಕೊಡೋದು ಬೇಕಿಲ್ಲ. ಬದಲಿಗೆ ಹಿಂದಿನ ಹಸಿರಿನ ಹೊಳಪು ಸ್ವಲ್ಪ ಇಳಿಸಿ, ಕೆಂಪು ತಾನಾಗೇ ಮುಂದೆ ಬರುತ್ತೆ. ಹಾಲುವಾಣ ಹೂಬಿಟ್ಟಾಗ ಆ ಕೆಂಪು ಹೂವಿನ ನಡುವೆ ಗಂಡು ಮಿನಿವೆಟ್ ಬೇಕು ಅಂತ ತುಂಬ ಜನಕ್ಕೆ ಆಸೆ, ಹೂವಿಗೆ ಬರೋ ಹುಳಕ್ಕೆ ಅದೂ ಬರುತ್ತೆ ನಿಜ, ಆದ್ರೆ ಕೆಂಪಿನೊಳಗೆ ಕೆಂಪು ಕಳೆದೋಗುತ್ತೆ, ಅಲ್ಲಿ ಹೆಣ್ಣಿನ ಫೋಟೋ ತೆಗೀರಿ, ಬೂದು ಹಳದಿ ಆ ಹೂವಿಗೆ ಎಷ್ಟು ಒಪ್ಪುತ್ತೆ ಅಂತ ಗೊತ್ತಾಗುತ್ತೆ. ಹೆಣ್ಣು ಹಕ್ಕಿ ಫೋಟೋ ಯಾರೂ ಹಾಕೋದೇ ಇಲ್ಲ, ಅದೂ ಒಂದು ಬೇಜಾರು ನಂಗೆ.

ಬರೋರಿಗೆ ಕೊನೇದಾಗಿ ಒಂದೆರಡು ಮಾತು. ತೋಟಗಳೆಲ್ಲ ಖಾಸಗಿ, ಗೇಟ್ ಹತ್ರ ತೋಟದ ಲೆಕ್ಕ ನೋಡೋ ರೈಟರಿಗೋ ಮನೆಯವ್ರಿಗೋ ಹೇಳಿ ಒಳಗೆ ಹೋಗಿ, ಕೊಯ್ಲಿನ ಸಮಯದಲ್ಲಿ ಹೆಂಗಸರು ಕೆಲ್ಸ ಮಾಡೋ ಕಡೆ ಕ್ಯಾಮೆರಾ ತಿರುಗಿಸ್ಬೇಡಿ, ಮುತ್ತೋಡಿ ಕಡೆ ಹೋಗೋದಾದ್ರೆ ಅದು ಭದ್ರಾ ಹುಲಿ ಮೀಸಲು, ಅರಣ್ಯ ಇಲಾಖೆ ಅನುಮತಿ ಇಲ್ದೆ ಒಳಗೆ ಕಾಲಿಡೋ ಹಾಗಿಲ್ಲ. ಮಳೆಗಾಲದಲ್ಲಿ ಬಂದ್ರೆ ಇಂಬಳಕ್ಕೆ (ಜಿಗಣೆಗೆ) ಕಾಲುಚೀಲ, ಸುಣ್ಣ ಹೊಗೆಸೊಪ್ಪು ತನ್ನಿ. ಯಾವುದಾದ್ರೂ ತೋಟದಲ್ಲಿ ಒಳ್ಳೇ ಫೋಟೋ ಸಿಕ್ರೆ ಒಂದು ಪ್ರಿಂಟ್ ಹಾಕ್ಸಿ ಆ ಮನೆಗೆ ಕೊಟ್ಟು, ಯಾವ ಮರದ ಮೇಲೆ ಸಿಕ್ತು ಅಂತ ತೋರ್ಸಿ ಬನ್ನಿ. ಚಿಕ್ಕಪ್ಪನ ಮನೆ ಹಜಾರದಲ್ಲಿ ಆ ಅತ್ತಿ ಮರದ ಗಂಡಿನ ಫೋಟೋ ಇದೆ ಈಗ, ಬಂದ ನೆಂಟರಿಗೆಲ್ಲ ಕಿಟಕಿಯಿಂದ ಮರ ತೋರ್ಸಿ "ಅಲ್ಲೇ ತೆಗ್ದಿದ್ದು ನಮ್ಮ ಹುಡುಗ" ಅಂತಾರೆ, ಈ ವರ್ಷ ಮೇಲಿನ ಪಟ್ಟಿಗೆ ಎರಡು ಅತ್ತಿ, ಒಂದು ಹಲಸಿನ ಸಸಿ ತಂದು ನೆಡಿಸಿದಾರೆ.